ಜವುಗಿನಿಂದ ರಸ್ತೆಯಂಚಿಗೆ ಬಂದ ಪೆಟ್ಟಿಗೆ

1850ರ ದಶಕ ಶುರುವಾದಾಗ ಬ್ರಿಟನ್ನಿನ ಬೀದಿಗಳಿಗೆ ಹೊಸದೊಂದು ವಸ್ತು ಬಂತು: ಅಂಚೆಪೆಟ್ಟಿಗೆ. ಅಂಚೆ ಇಲಾಖೆಯ ನೌಕರನೂ ಆಗಿದ್ದ ಕಾದಂಬರಿಕಾರ ಆಂಟನಿ ಟ್ರೋಲಪ್‌ನ ಸಲಹೆಯಂತೆ 1852ರಲ್ಲಿ ಜೆರ್ಸಿ ದ್ವೀಪದಲ್ಲಿ ಮೊದಲ ಪೆಟ್ಟಿಗೆಗಳು ನಿಂತವು. ಮರುವರ್ಷ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಒಂದು ಬಂತು. ಕಾಗದ ಹಾಕಲು ಅಂಚೆ ಕಚೇರಿಯ ಬಾಗಿಲಿಗೇ ಹೋಗಬೇಕಿದ್ದ ಜನರಿಗೆ ಪೆಟ್ಟಿಗೆ ತಾನಾಗಿ ಮನೆಯ ಹತ್ತಿರ ಬಂದಂತಾಯಿತು. 1854ರಲ್ಲಿ, ಡೆವನ್ ಕೌಂಟಿಯ ಚಾಗ್‌ಫರ್ಡ್ ಎಂಬ ಸಣ್ಣ ಪಟ್ಟಣದ ಜೇಮ್ಸ್ ಪೆರಟ್ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದ. ರಸ್ತೆ, ಮನೆ, ಮರ ಯಾವುದೂ ಇಲ್ಲದ ಬಯಲು ಜವುಗಿನ ನಡುವೆ ಒಂದಿಷ್ಟು ಕಲ್ಲು ಪೇರಿಸಿ, ಅದರೊಳಗೆ ಗಾಜಿನ ಬಾಟಲಿಯೊಂದನ್ನು ಇಟ್ಟು ಬಂದ. ಕಷ್ಟಪಟ್ಟು ಅಲ್ಲಿವರೆಗೆ ಬಂದವರು ತಮ್ಮ ಹೆಸರಿನ ಕಾರ್ಡನ್ನು ಅದರೊಳಗೆ ಹಾಕಿ ಹೋಗಲಿ ಎಂಬುದು ಅವನ ಆಲೋಚನೆ.

ಇಂದು ಇಂಗ್ಲೆಂಡಿನ ಹಳ್ಳಿರಸ್ತೆಗಳಲ್ಲಿ ಕಾರು ನಿಲ್ಲಿಸಿ, ಮೈಲಿಗಲ್ಲಿನ ಹಿಂದೆಯೋ ಬೇಲಿಯ ಬುಡದಲ್ಲೋ ಕೈಯಾಡಿಸಿ ಡಬ್ಬಿ ಹುಡುಕುವವರ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರಿದೆ. ಆ ಆಟ ಹುಟ್ಟಿದ್ದು ಅಮೆರಿಕದಲ್ಲಿ, ಉಪಗ್ರಹಗಳ ಕೃಪೆಯಿಂದ. ಆದರೆ ಡಬ್ಬಿ ಬಚ್ಚಿಟ್ಟು, ಗುರುತು ಪರಿಚಯವಿಲ್ಲದವರು ಬಂದು ತೆರೆಯಲಿ ಎಂದು ಕಾಯುವ ರೂಢಿಗೆ ಚಾಗ್‌ಫರ್ಡ್‌ನಲ್ಲಿ ಒಂದೂವರೆ ಶತಮಾನಕ್ಕೂ ಮೀರಿದ ವಯಸ್ಸಾಗಿದೆ.

ಚಾಗ್‌ಫರ್ಡ್ ಇರುವುದು ಡಾರ್ಟ್‌ಮೂರ್ ಎಂಬ ಎತ್ತರದ ಕಲ್ಲುನಾಡಿನ ಈಶಾನ್ಯ ಅಂಚಿನಲ್ಲಿ, ಟೀನ್ ನದಿಯ ಬದಿಗೆ. ಊರು ಚಿಕ್ಕದಾದರೂ ಚರಿತ್ರೆ ಚಿಕ್ಕದಲ್ಲ. 1305ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಡೆವನ್ನಿನ ತವರದ ವ್ಯವಹಾರಕ್ಕೆ ಗೊತ್ತುಮಾಡಿದ ಮೂರು ಪಟ್ಟಣಗಳಲ್ಲಿ ಇದೂ ಒಂದು. ಇನ್ನೆರಡು ಟ್ಯಾವಿಸ್ಟಾಕ್ ಮತ್ತು ಆಶ್‌ಬರ್ಟನ್. ಬೆಟ್ಟದ ತೊರೆಗಳಲ್ಲಿ ಸೋಸಿ ಕರಗಿಸಿದ ತವರದ ಗಟ್ಟಿಗಳನ್ನು ಇಲ್ಲಿಗೆ ತರಬೇಕಿತ್ತು. ಗಟ್ಟಿಯ ಒಂದು ಮೂಲೆಯನ್ನು ಕತ್ತರಿಸಿ, ಶುದ್ಧವೋ ಬೆರಕೆಯೋ ನೋಡಿ, ತೂಗಿ, ಮುದ್ರೆ ಒತ್ತಿ, ಸುಂಕ ವಸೂಲು ಮಾಡಿದ ಮೇಲೆಯೇ ಮಾರಾಟ. ಆಮೇಲೆ ಉಣ್ಣೆಯ ಕಾಲ ಬಂತು. 1643ರ ಅಂತರ್ಯುದ್ಧದಲ್ಲಿ ರಾಜನ ಪಕ್ಷದ ಯುವಕವಿ ಸಿಡ್ನಿ ಗೊಡಾಲ್ಫಿನ್ ಇದೇ ಊರಿನಲ್ಲಿ ಗುಂಡೇಟಿಗೆ ಸತ್ತ. 1891ರಲ್ಲಿ, ಎಷ್ಟೋ ದೊಡ್ಡ ನಗರಗಳು ಗ್ಯಾಸ್ ದೀಪದಲ್ಲೇ ಇದ್ದಾಗ, ಚಾಗ್‌ಫರ್ಡ್ ನದಿಯ ನೀರಿನಿಂದ ವಿದ್ಯುತ್ ತೆಗೆದು ಬೀದಿದೀಪ ಹಚ್ಚಿಕೊಂಡಿತು. ತವರವೂ ಉಣ್ಣೆಯೂ ಕೈಬಿಟ್ಟ ಮೇಲೆ ಊರನ್ನು ಹಿಡಿದೆತ್ತಿದ್ದು ಪ್ರವಾಸಿಗರು. ಬೆಟ್ಟದ ಗಾಳಿ, ಮೀನಿನ ಬೇಟೆ, ಹಳೆಯ ಕಲ್ಲುಗಳು ಇವುಗಳಿಗಾಗಿ ಪೇಟೆಯ ಜನ ಬರತೊಡಗಿದ್ದರು. ಅವರಿಗೆ ದಾರಿ ತೋರಿಸುವುದೇ ಪೆರಟ್‌ನ ಕಸುಬು.

ಅವನ ಗಿರಾಕಿಗಳಲ್ಲಿ ಗಟ್ಟಿಗರು ಕೇಳುತ್ತಿದ್ದ ಜಾಗ ಕ್ರಾನ್‌ಮಿಯರ್ ಕೊಳ. ಚಾಗ್‌ಫರ್ಡ್‌ನಿಂದ ನೇರ ಗೆರೆ ಎಳೆದರೆ ಹತ್ತು ಕಿಲೋಮೀಟರು. ಆದರೆ ಅಲ್ಲಿ ನೇರ ನಡೆಯುವುದು ಯಾರಿಂದಲೂ ಆಗದು. ಕಡೆಯ ಹೊಲದ ಗೋಡೆ ದಾಟಿದ ಮೇಲೆ ಸಿಗುವುದು ಕೊಳೆತ ಪಾಚಿ ಶತಮಾನಗಳಿಂದ ಪದರಗಟ್ಟಿದ ಕಪ್ಪು ಜವುಗು. ಒಂದು ದಿಬ್ಬದ ಮೇಲೆ ಕಾಲಿಟ್ಟು ಇನ್ನೊಂದಕ್ಕೆ ಜಿಗಿಯಬೇಕು. ತಪ್ಪಿದರೆ ಮೊಣಕಾಲುದ್ದ ಕೆಸರು. ಮಂಜು ಕವಿದರೆ ದಿಕ್ಕೇ ತಿಳಿಯದು. ಇಷ್ಟೆಲ್ಲ ಪಾಡುಪಟ್ಟು ಹೋದರೆ ಅಲ್ಲಿ ಕೊಳವೂ ಇಲ್ಲ. ಯಾವ ಕಾಲಕ್ಕೋ ಬತ್ತಿಹೋದ ಒಂದು ತಗ್ಗು, ಅಷ್ಟೇ. ಡಾರ್ಟ್, ಟಾ, ಟೇವಿ, ಟೀನ್, ಓಕ್‌ಮೆಂಟ್ ನದಿಗಳು ಹುಟ್ಟುವ ನೆಲದ ಆಸುಪಾಸಿನಲ್ಲಿ ಅದು ಇದೆ.

ಕೊಳ ಬತ್ತಿದ್ದಕ್ಕೆ ಊರವರು ಹೇಳುವ ಕತೆ ಸೊಗಸಾಗಿದೆ. ಓಕ್‌ಹ್ಯಾಂಪ್ಟನ್ನಿನ ಮೇಯರ್ ಆಗಿದ್ದ ಬೆಂಜಮಿನ್ ಗೇಯರ್ ಸತ್ತ ಮೇಲೆ ದೆವ್ವವಾಗಿ ಕಾಡತೊಡಗಿದನಂತೆ. ಪಾದ್ರಿಗಳು ಸೇರಿ ಅವನನ್ನು ಕ್ರಾನ್‌ಮಿಯರ್‌ಗೆ ಅಟ್ಟಿ, ಕೊಳದ ನೀರನ್ನೆಲ್ಲ ಜರಡಿಯಲ್ಲಿ ಮೊಗೆದು ಹಾಕುವವರೆಗೂ ಬಿಡುಗಡೆಯಿಲ್ಲ ಎಂದು ಕಟ್ಟುಹಾಕಿದರು. ಜರಡಿಯಲ್ಲಿ ನೀರು ನಿಲ್ಲುವುದುಂಟೆ? ದೆವ್ವ ಸತ್ತ ಕುರಿಯೊಂದರ ಚರ್ಮ ಸುಲಿದು ಜರಡಿಗೆ ಹಾಸಿಕೊಂಡಿತು. ಕೊಳ ಬರಿದಾಯಿತು, ಕೆಳಗಿನ ಓಕ್‌ಹ್ಯಾಂಪ್ಟನ್ ಪ್ರವಾಹದಲ್ಲಿ ಮುಳುಗಿತು.

ಇಂಥ ಜಾಗಕ್ಕೆ ಹೋಗಿಬಂದೆ ಎಂದರೆ ಯಾರು ನಂಬಬೇಕು? ಫೋಟೋ ತೆಗೆಯುವುದು ಆಗ ಎಲ್ಲರ ಕೈಗೆ ಎಟುಕುವ ವಿದ್ಯೆಯಲ್ಲ. ಪೆರಟ್ ಇಲ್ಲಿ ಇಟ್ಟಿದ್ದ ಬಾಟಲಿ ಆ ಕೊರತೆ ತುಂಬಿತು: ಮೊದಲು ಬಂದವರ ಕಾರ್ಡು ಆಮೇಲೆ ಬಂದವರಿಗೆ ಸಿಗುತ್ತಿತ್ತು. 1888ರಲ್ಲಿ ಬಾಟಲಿಯ ಜಾಗಕ್ಕೆ ತಗಡಿನ ಪೆಟ್ಟಿಗೆ ಬಂತು, 1905ರಲ್ಲಿ ಸಹಿ ಹಾಕಲು ಒಂದು ಪುಸ್ತಕ. 1921ರಲ್ಲಿ ವೇಲ್ಸ್ ರಾಜಕುಮಾರ, ಮುಂದೆ ಎಂಟನೆಯ ಎಡ್ವರ್ಡ್ ಆದವನು, ಅಲ್ಲಿಗೆ ಬಂದು ಹೆಸರು ಬರೆದ. 1937ರಲ್ಲಿ ವೆಸ್ಟರ್ನ್ ಮಾರ್ನಿಂಗ್ ನ್ಯೂಸ್ ಪತ್ರಿಕೆ ಓದುಗರ ನೆರವಿನಿಂದ ಕಲ್ಲಿನ ಗೂಡನ್ನೇ ಕಟ್ಟಿಸಿತು.

ಈ ನಡುವೆ ಜನ ತಾವಾಗಿಯೇ ಒಂದು ಪದ್ಧತಿ ಹಾಕಿಕೊಂಡಿದ್ದರು. ಪೆಟ್ಟಿಗೆಗೆ ಬಂದವರು ಅಂಚೆಚೀಟಿ ಅಂಟಿಸಿ ತಮ್ಮದೇ ವಿಳಾಸ ಬರೆದ ಕಾರ್ಡೊಂದನ್ನು ಒಳಗೆ ಬಿಡುವುದು; ಮುಂದೆ ಬಂದವರು ಅದನ್ನು ಎತ್ತಿಕೊಂಡು ಹೋಗಿ ತಮ್ಮೂರಿನ ಅಂಚೆಗೆ ಹಾಕುವುದು. ಕಾರ್ಡು ನಾಳೆಯೇ ಮನೆ ಸೇರಬಹುದು, ಮೂರು ತಿಂಗಳಾದರೂ ಆಗಬಹುದು. ಜವುಗಿನಲ್ಲಿ ಬಿಟ್ಟ ಕಾಗದವನ್ನು ಮುಖ ಕಾಣದ ಇನ್ನೊಬ್ಬ ಜೇಬಿನಲ್ಲಿಟ್ಟು ಹೊತ್ತೊಯ್ಯುತ್ತಾನೆ ಎಂಬ ಭರವಸೆ ಇಲ್ಲದಿದ್ದರೆ ಯಾರೂ ಆ ಕಾರ್ಡು ಬರೆಯುತ್ತಿರಲಿಲ್ಲ. ಲೆಟರ್‌ಬಾಕ್ಸಿಂಗ್ ಎಂಬ ಹೆಸರು ಹುಟ್ಟಿದ್ದು ಹೀಗೆ.

ಕ್ರಾನ್‌ಮಿಯರ್‌ನ ದುರ್ಗಮತೆಗೆ ಪೆಟ್ಟು ಕೊಟ್ಟದ್ದು ಸೈನ್ಯ. 19ನೇ ಶತಮಾನದ ಕೊನೆಯ ಭಾಗದಲ್ಲಿ ಉತ್ತರ ಡಾರ್ಟ್‌ಮೂರಿನಲ್ಲಿ ಫಿರಂಗಿ ಅಭ್ಯಾಸ ಶುರುವಾಯಿತು. ಕೊಳವಿರುವ ಜಾಗವೂ ಆ ವಲಯದೊಳಗೇ ಸೇರಿತು. ಗುಂಡು ಹಾರಿಸುವ ದಿನ ಇವತ್ತಿಗೂ ಗುಡ್ಡಗಳ ಮೇಲೆ ಕೆಂಪು ಬಾವುಟ ಏರುತ್ತದೆ, ಅಂದು ಒಳಗೆ ಕಾಲಿಡುವಂತಿಲ್ಲ. ಆದರೆ ಫಿರಂಗಿ ಓಡಾಡಲು ಸೈನ್ಯ ಓಕ್‌ಹ್ಯಾಂಪ್ಟನ್ ಕಡೆಯಿಂದ ರಸ್ತೆಯನ್ನೂ ಮಾಡಿತು. ಕಾರಿನ ಕಾಲ ಬಂದಾಗ ಸಾಮಾನ್ಯರೂ ಅದರ ಮೇಲೆ ಬಂದು, ಕೊಳಕ್ಕೆ ಒಂದೆರಡು ಮೈಲಿ ಇರುವಾಗ ಇಳಿದು ನಡೆಯುವಂತಾಯಿತು. ಆಮೇಲೆ ಆ ದಾರಿ ಸಾರ್ವಜನಿಕ ವಾಹನಗಳಿಗೆ ಮುಚ್ಚಿತು. ಆದರೂ ಒಂದು ಬದಲಾವಣೆ ಆಗಿಯೇ ಹೋಗಿತ್ತು. ಇಡೀ ದಿನದ ಸಾಹಸ ಅರ್ಧ ದಿನದ ವಿಹಾರಕ್ಕೆ ಇಳಿದಿತ್ತು.

ಪೆಟ್ಟಿಗೆಗಳ ಸಂಖ್ಯೆ ಬಹಳ ಕಾಲ ಬೆರಳೆಣಿಕೆಯಷ್ಟೇ ಇತ್ತು. ಬೆಲ್‌ಸ್ಟೋನ್ ಟಾರ್ ಎಂಬ ಬಂಡೆಗುಡ್ಡದಲ್ಲಿ 1894ರಲ್ಲಿ ಎರಡನೆಯದು ಬಂತು. ಡಾರ್ಟ್‌ಮೂರನ್ನು ಕಲ್ಲುಕಲ್ಲಾಗಿ ಅರಿತಿದ್ದ ಬರಹಗಾರ ವಿಲಿಯಂ ಕ್ರಾಸಿಂಗ್ 1909ರ ತನ್ನ ಮಾರ್ಗದರ್ಶಿಯಲ್ಲಿ ಇಡೀ ನಾಡನ್ನು ನಡಿಗೆಯವರಿಗೆ ಬಿಡಿಸಿಟ್ಟ. ಅವನ ನೆನಪಿಗೆ 1938ರಲ್ಲಿ ದಕ್ಷಿಣದ ಡಕ್ಸ್ ಪೂಲ್ ಎಂಬಲ್ಲಿ ಫಲಕ ಹಾಕಿ, ಅಲ್ಲೂ ಒಂದು ಪೆಟ್ಟಿಗೆ ಇಟ್ಟರು. 1951ರಲ್ಲಿ ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನವಾಯಿತು. 1970ರ ದಶಕದ ನಂತರ ಮಾತ್ರ ಪ್ರವಾಹ ಕಟ್ಟೆಯೊಡೆಯಿತು. ಪ್ರತಿ ಪೆಟ್ಟಿಗೆಯಲ್ಲಿ ಒಂದು ರಬ್ಬರ್ ಮುದ್ರೆ. ಬಂದವರು ಅದನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳಬೇಕು, ತಮ್ಮ ಮುದ್ರೆಯನ್ನು ಪೆಟ್ಟಿಗೆಯ ಪುಸ್ತಕಕ್ಕೆ ಒತ್ತಬೇಕು. ನೂರು ಪೆಟ್ಟಿಗೆ ಕಂಡವರಿಗೆ ಒಂದು ಕ್ಲಬ್, ಒಂದು ಬಟ್ಟೆಯ ಲಾಂಛನ. ಕೆಲವೇ ವರ್ಷಗಳಲ್ಲಿ ಸಾವಿರಾರು ಪೆಟ್ಟಿಗೆಗಳಾದವು.

ಸಂಖ್ಯೆ ಹೆಚ್ಚಿದಂತೆ ಹಾನಿಯೂ ಹೆಚ್ಚಿತು. ಪೆಟ್ಟಿಗೆ ಹುಡುಕುವ ಆತುರದಲ್ಲಿ ಕೆಲವರು ಕಲ್ಲು ಕಿತ್ತರು, ಹುಲ್ಲುಹಾಸು ಎಬ್ಬಿಸಿದರು. ಡಾರ್ಟ್‌ಮೂರಿನ ಕಲ್ಲು ಬರಿಯ ಕಲ್ಲಲ್ಲ. ಕಂಚಿನ ಯುಗದ ಮನೆಗಳ ತಳಪಾಯ, ಸಾಲುಗಲ್ಲು, ಗೋರಿ ಎಲ್ಲವೂ ಅದೇ ಗ್ರಾನೈಟು. ಅದಕ್ಕಾಗಿ ನಿಯಮ ಬಂತು: ಪುರಾತನ ನಿರ್ಮಾಣಗಳಲ್ಲಿ, ಗೋಡೆಗಳಲ್ಲಿ, ಅಪಾಯದ ಜಾಗಗಳಲ್ಲಿ ಪೆಟ್ಟಿಗೆ ಇಡಬಾರದು, ಸಿಮೆಂಟು ಬಳಿದು ಗೂಡು ಕಟ್ಟಬಾರದು. ಆಟದ ನಿಯಮ ಮೇಲಿನಿಂದ ಹೇರಿದ್ದಕ್ಕಿಂತ ಆಡುವವರೇ ಒಪ್ಪಿಕೊಂಡದ್ದು ಹೆಚ್ಚು ಕಾಲ ನಿಲ್ಲುತ್ತದೆ. ಡಾರ್ಟ್‌ಮೂರಿನಲ್ಲಿ ಆದದ್ದೂ ಅದೇ.

ಅಮೆರಿಕದ ಕವಲು ಬೇರೆಯೇ ದಾರಿಯಲ್ಲಿ ಬಂತು. ಅಮೆರಿಕದ ಸೈನ್ಯ ನಡೆಸುತ್ತಿದ್ದ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. ಕೈಯಲ್ಲಿನ ಯಂತ್ರ ತೋರಿಸುವ ಜಾಗ ನೂರು ಮೀಟರಿನಷ್ಟು ಆಚೀಚೆ ಇರುತ್ತಿತ್ತು. 2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆ ಅಡ್ಡಿಯನ್ನು ತೆಗೆಯುವುದಾಗಿ ಪ್ರಕಟಿಸಿದರು. ಒಂದೇ ರಾತ್ರಿಯಲ್ಲಿ ನಿಖರತೆ ಹತ್ತು ಪಟ್ಟಿನ ಹತ್ತಿರ ಹೆಚ್ಚಿತು. ಮೇ 3ರಂದು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರ ಕಪ್ಪು ಬಕೆಟ್ಟೊಂದನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಜಿಪಿಎಸ್ ಆಸಕ್ತರಿಗೆ ತಿಳಿಸಿದ. ಒಳಗೆ ಪುಸ್ತಕ, ಕವಣೆ, ಒಂದು ಬೀನ್ಸ್ ಡಬ್ಬಿ ಮುಂತಾದವು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟು ಹೋಗಿ, ಪುಸ್ತಕದಲ್ಲಿ ಬರೆಯಿರಿ ಎಂಬುದಷ್ಟೇ ನಿಯಮ. ಮೂರು ದಿನಗಳಲ್ಲಿ ಇಬ್ಬರು ಅದನ್ನು ಕಂಡುಹಿಡಿದರು. ಮೇ ಮುಗಿಯುವುದರೊಳಗೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಿತ್ತು, ಸೆಪ್ಟೆಂಬರ್ ಹೊತ್ತಿಗೆ ಪಟ್ಟಿಯಲ್ಲಿ 75 ಡಬ್ಬಿಗಳಾದವು. 2017ರಲ್ಲಿ ಜಗತ್ತಿನಾದ್ಯಂತ ಮೂವತ್ತು ಲಕ್ಷ.

ಈ ಆಟ ಇಂಗ್ಲೆಂಡಿಗೆ ಬಂದಾಗ ಬೆಟ್ಟದಲ್ಲಿ ಮಾತ್ರ ನಿಲ್ಲಲಿಲ್ಲ, ರಸ್ತೆಯಂಚಿಗೆ ಇಳಿಯಿತು. ಅದಕ್ಕೆ ನೆಲದ ಕಾರಣವಿದೆ. ಇಂಗ್ಲೆಂಡಿನ ಗ್ರಾಮಾಂತರ ನೋಡಲು ತೆರೆದ ಹಸಿರು. ನಡೆಯಲು ಹೊರಟರೆ ಹೆಚ್ಚಿನದೆಲ್ಲ ಯಾರದೋ ಹೊಲ, ಯಾರದೋ ಬೇಲಿ. ಡಾರ್ಟ್‌ಮೂರಿನ ಸಾಮೂಹಿಕ ಗೋಮಾಳದಲ್ಲಿ ಕಾಲ್ನಡಿಗೆಯ ಹಕ್ಕಿಗೆ 1985ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಉಳಿದೆಡೆ ಸಾಮಾನ್ಯನ ಪಾಲಿಗೆ ಹೆಚ್ಚಾಗಿ ದಕ್ಕುವುದು ಹಳೆಯ ಕಾಲುದಾರಿಗಳು, ರಸ್ತೆ ಮತ್ತು ಅದರ ಹುಲ್ಲಂಚು. ಚಾಗ್‌ಫರ್ಡ್ ಸುತ್ತಲಿನ ಡೆವನ್ ರಸ್ತೆಗಳಂತೂ ಆಳವಾದ ಓಣಿಗಳು. ಎರಡೂ ಬದಿಗೆ ಮಣ್ಣು ಕಲ್ಲಿನ ದಿಂಡು, ಅದರ ಮೇಲೆ ಗಿಡಗಂಟಿಯ ಬೇಲಿ; ಒಂದು ಕಾರು ಹೋಗುವಷ್ಟೇ ಅಗಲ, ಎದುರಿಗೆ ಇನ್ನೊಂದು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಅಂಥ ದಿಂಡಿನ ಬೇರುಗಳ ನಡುವೆ ಡಬ್ಬಿ ಅಡಗಿಸಲು ಸಾವಿರ ಸಂದುಗಳಿವೆ.

ಡಬ್ಬಿಯೂ ಕುಗ್ಗಿತು. ಮೊದಲ ವರ್ಷಗಳಲ್ಲಿ ಸೈನ್ಯದ ಹಳೆಯ ಮದ್ದುಗುಂಡಿನ ಪೆಟ್ಟಿಗೆಗಳಿಗೆ ಬೇಡಿಕೆಯಿತ್ತು, ನೀರು ಹೋಗುವುದಿಲ್ಲ ಎಂದು. ರಸ್ತೆಯಂಚಿಗೆ ಬಂದಾಗ ಅದು ಕ್ಯಾಮೆರಾ ರೀಲಿನ ಡಬ್ಬಿಯಾಯಿತು. ಕೊನೆಗೆ ಅಂಗಿಯ ಗುಂಡಿಯಷ್ಟು ಅಗಲದ, ಅಯಸ್ಕಾಂತವಿರುವ ಚಿಪ್ಪಾಗಿ ನಾಮಫಲಕಗಳ ಬೆನ್ನಿಗೆ ಅಂಟಿಕೊಂಡಿತು. ಒಳಗೆ ಸುರುಳಿ ಸುತ್ತಿದ ಕಾಗದದ ಪಟ್ಟಿಗೆ ಮಾತ್ರ ಜಾಗ. ವಸ್ತು ಬದಲಾಯಿಸುವ ಮಾತೇ ಇಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರು, ಅಂದರೆ ಮೈಲಿಯ ಹತ್ತನೇ ಒಂದು ಭಾಗ, ಅಂತರವಿರಬೇಕೆಂಬುದು ನಿಯಮ. ಅಷ್ಟಷ್ಟೇ ಅಂತರಕ್ಕೆ ಸಾಲಾಗಿ ಇಟ್ಟು, ಒಂದೇ ದಿನ ಡಜನುಗಟ್ಟಲೆ ಹುಡುಕುವವರೂ ಇದ್ದಾರೆ. ಬೆಟ್ಟ ಹತ್ತಿ ಪೆಟ್ಟಿಗೆ ಕಂಡವರಿಗೆ ಇದು ಸಪ್ಪೆ ಎನಿಸುತ್ತದೆ. ಕಾರಿನಿಂದ ಇಳಿದು, ಸಹಿ ಹಾಕಿ, ಮತ್ತೆ ಹತ್ತಿ ಹೋಗುವುದರಲ್ಲಿ ಏನಿದೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎಣಿಕೆಗಾಗಿ ಮಾತ್ರ ಇಟ್ಟ ಡಬ್ಬಿ ನಿಜಕ್ಕೂ ಸಪ್ಪೆಯೇ.

ಆದರೆ ರಸ್ತೆಯಂಚು ಬೇರೆ ಕೆಲಸಕ್ಕೆ ಒದಗುತ್ತದೆ. ಪೆರಟ್‌ನ ಬಾಟಲಿ ನಡೆದವರಿಗೆ ಸಾಕ್ಷಿ ಹೇಳಿತು. ರಸ್ತೆಯ ಡಬ್ಬಿ ಓಡುವವರನ್ನು ಹಿಡಿದು ನಿಲ್ಲಿಸುತ್ತದೆ. ಇಂಗ್ಲಿಷ್ ರಸ್ತೆಯ ಬದಿಯಲ್ಲಿ ನಿಂತು ನೋಡಬೇಕಾದದ್ದು ಬೇಕಾದಷ್ಟಿದೆ. ಮೈಲಿಗಲ್ಲನ್ನೇ ತೆಗೆದುಕೊಳ್ಳಿ. 1663ರಿಂದ ಇಂಗ್ಲೆಂಡಿನಲ್ಲಿ ರಸ್ತೆಗಳಿಗೆ ಸುಂಕದ ಕಟ್ಟೆಗಳು ಬರತೊಡಗಿದವು. ವಸೂಲಾದ ಹಣದಲ್ಲಿ ರಸ್ತೆ ರಿಪೇರಿ. 1767ರ ಕಾಯ್ದೆ ಸುಂಕದ ರಸ್ತೆಗಳಲ್ಲೆಲ್ಲ ಮೈಲಿಗಲ್ಲು ಕಡ್ಡಾಯ ಮಾಡಿತು. ಗ್ರಾನೈಟಿನಲ್ಲಿ ಕೆತ್ತಿದ್ದು, ಎರಕದ ಕಬ್ಬಿಣದ್ದು, ಊರಿನ ಹೆಸರಿನ ಮೊದಲ ಅಕ್ಷರ ಮಾತ್ರ ಇರುವುದು, ಹೀಗೆ ಒಂದೊಂದು ಸೀಮೆಗೆ ಒಂದೊಂದು ಬಗೆ. 1940ರಲ್ಲಿ ಜರ್ಮನರು ಇಳಿಯುವ ಭಯ ಬಂದಾಗ ಸರ್ಕಾರ ಕೈಮರಗಳನ್ನು ಕೀಳಿಸಿತು. ಶತ್ರುವಿಗೆ ದಾರಿ ತಿಳಿಯಬಾರದೆಂದು ಎಷ್ಟೋ ಮೈಲಿಗಲ್ಲುಗಳನ್ನು ಹೂತರು, ಊರಿನ ಹೆಸರುಗಳನ್ನು ಉಳಿಯಿಂದ ಕೆತ್ತಿ ಅಳಿಸಿದರು. ಯುದ್ಧ ಮುಗಿದ ಮೇಲೆ ಎಲ್ಲವೂ ಮೇಲೆ ಬರಲಿಲ್ಲ. ಉಳಿದವನ್ನು ಗುರುತಿಸಿ ಕಾಪಾಡಲೆಂದೇ 2001ರಲ್ಲಿ ಮೈಲ್‌ಸ್ಟೋನ್ ಸೊಸೈಟಿ ಹುಟ್ಟಿತು. ಅದೇ ವರ್ಷಗಳಲ್ಲಿ ಜಿಯೋಕ್ಯಾಶಿಂಗ್ ಕೂಡ ಇಂಗ್ಲೆಂಡಿನಲ್ಲಿ ಬೇರೂರುತ್ತಿತ್ತು. ಗಂಟೆಗೆ ಅರವತ್ತು ಮೈಲಿಯಲ್ಲಿ ಹೋಗುವವರಿಗೆ ಕಾಣದ ಕಲ್ಲಿನ ಮುಂದೆ ಡಬ್ಬಿಗಾಗಿ ಬಗ್ಗಿದವರು ಅದರ ಮೇಲಿನ ಅಂಕಿಯನ್ನೂ ಓದುತ್ತಾರೆ.

ಆಟದವರು ಇದನ್ನು ಅರಿತೇ ಸರಣಿಗಳನ್ನು ಕಟ್ಟಿದರು. ಕೆಂಪು ಟೆಲಿಫೋನ್ ಗೂಡೂ ಕೆಂಪು ಅಂಚೆಪೆಟ್ಟಿಗೆಯೂ ಒಟ್ಟಿಗೆ ಕಾಣುವ ಜಾಗಗಳಿಗೆ ಒಂದು ಸರಣಿ. 1935ರಲ್ಲಿ ಐದನೆಯ ಜಾರ್ಜ್‌ನ ಆಳ್ವಿಕೆಯ ರಜತೋತ್ಸವಕ್ಕೆಂದು ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಆ ಗೂಡುಗಳು ಮೊಬೈಲ್ ಬಂದ ಮೇಲೆ ಒಂದೊಂದಾಗಿ ಮಾಯವಾಗುತ್ತಿವೆ. ಉಳಿದವುಗಳಲ್ಲಿ ಕೆಲವು ಊರಿನ ಪುಟ್ಟ ಪುಸ್ತಕದ ಗೂಡುಗಳಾಗಿವೆ. ರೈಲು ನಿಲ್ದಾಣಗಳಿಗೆ ಇನ್ನೊಂದು ಸರಣಿ. ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದವುಗಳಲ್ಲಿ ಒಂದು ಚರ್ಚುಗಳದು. ಅದರ ಕ್ರಮ ಚೆನ್ನಾಗಿದೆ: ಡಬ್ಬಿ ಚರ್ಚಿನ ಅಂಗಳದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಗೋರಿಗಳ ನಡುವೆ ತಡಕಾಡುವುದು ಸರಿಯಲ್ಲ. ಗೋರಿಗಲ್ಲಿನ ಮೇಲಿನ ಇಸವಿ, ಯುದ್ಧಸ್ಮಾರಕದಲ್ಲಿನ ಹೆಸರುಗಳ ಸಂಖ್ಯೆ, ಬಾಗಿಲ ಬಳಿಯ ಫಲಕದ ಅಂಕಿ ಇವನ್ನು ಓದಿ ಕೂಡಿ ಕಳೆದರೆ ಸರಿಯಾದ ಅಕ್ಷಾಂಶ ರೇಖಾಂಶ ಸಿಗುತ್ತದೆ. ಡಬ್ಬಿ ಇರುವುದು ಇನ್ನೆಲ್ಲೋ, ಸ್ವಲ್ಪ ದೂರದ ರಸ್ತೆಯ ಬೇಲಿಗಂಬದಲ್ಲಿ. ಹುಡುಕುವವರು ಅಷ್ಟು ಹೊತ್ತಿಗೆ ಆ ಊರಿನಿಂದ ಯುದ್ಧಕ್ಕೆ ಹೋಗಿ ಮರಳದವರ ಹೆಸರುಗಳನ್ನು ಒಂದೊಂದಾಗಿ ಎಣಿಸಿರುತ್ತಾರೆ.

ಗುರುತಿಲ್ಲದ ಕೈಗಳು ರಸ್ತೆಯಂಚಿನಲ್ಲಿ ಏನನ್ನೋ ಇಟ್ಟುಹೋಗುವುದು ಚಾಗ್‌ಫರ್ಡ್ ಸೀಮೆಗೆ ಹೊಸದೂ ಅಲ್ಲ. ಅಲ್ಲಿಂದ ದಕ್ಷಿಣಕ್ಕೆ ಎಂಟು ಕಿಲೋಮೀಟರಿನಷ್ಟು ದೂರದಲ್ಲಿ, ಹೌಂಡ್ ಟಾರ್ ಬಳಿ, ಹಳ್ಳಿರಸ್ತೆಗೆ ಕುದುರೆದಾರಿ ಸೇರುವ ಕಡೆ ಒಂದು ಒಂಟಿ ಸಮಾಧಿ ಇದೆ. ಜೇ ಎಂಬ ಅನಾಥ ಹುಡುಗಿ ಜಮೀನುದಾರನ ಮನೆಯಲ್ಲಿ ಕೂಲಿಗಿದ್ದು, ಮೋಸಹೋಗಿ, ನೇಣು ಹಾಕಿಕೊಂಡಳೆಂದು ಜನ ಹೇಳುತ್ತಾರೆ. ಆತ್ಮಹತ್ಯೆ ಮಾಡಿಕೊಂಡವರನ್ನು ಚರ್ಚಿನ ನೆಲದಲ್ಲಿ ಹೂಳದೆ ಕೂಡುರಸ್ತೆಯಲ್ಲಿ ಹೂಳುವ ಕ್ರೂರ ಪದ್ಧತಿ ಆಗ ಇತ್ತು. ಪಾರ್ಲಿಮೆಂಟು ಅದನ್ನು ನಿಲ್ಲಿಸಿದ್ದು 1823ರಲ್ಲಿ. 1860ರ ಸುಮಾರಿಗೆ ಮೂಳೆಗಳು ಸಿಕ್ಕಾಗ ಅಲ್ಲಿನ ಜಮೀನಿನ ಒಡೆಯ ಜೇಮ್ಸ್ ಬ್ರಯಂಟ್ ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು ಮರ್ಯಾದೆಯಿಂದ ಮತ್ತೆ ಹೂಳಿಸಿದ. ಆ ಸಮಾಧಿಯ ಮೇಲೆ ಯಾವಾಗ ನೋಡಿದರೂ ಹೊಸ ಹೂವು ಇರುತ್ತದೆ ಎಂಬುದು ಸೀಮೆಗೆಲ್ಲ ಗೊತ್ತಿರುವ ಮಾತು. ಈಗ ನಾಣ್ಯ, ಚಿಕ್ಕ ಆಟಿಕೆಗಳನ್ನೂ ಬಿಟ್ಟುಹೋಗುತ್ತಾರೆ. ಹಾದುಹೋಗುವವರ ಇಂಥ ಅಂತಃಕರಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಡಬ್ಬಿಯ ಆಟದ ಚರಿತ್ರೆ ಬರೆದರೆ ಅದು ಬರಿಯ ಯಂತ್ರದ ಚರಿತ್ರೆಯಾಗುತ್ತದೆ.

ಗುರುತಿಲ್ಲದವರ ಮೇಲಿನ ಈ ನಂಬಿಕೆಗೂ ಒಮ್ಮೆ ಏಟು ಬಿತ್ತು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಹಳೆಯ ಗ್ರೇಟ್ ನಾರ್ತ್ ರೋಡ್‌ನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ನಡುವೆ ಇರುವ ವೆದರ್‌ಬಿ, ಕುದುರೆಗಾಡಿಗಳ ಕಾಲದಲ್ಲಿ ಪ್ರಯಾಣಿಕರು ಕುದುರೆ ಬದಲಿಸಿ ಉಂಡು ಮಲಗುತ್ತಿದ್ದ ಸಂತೆಯ ಪಟ್ಟಣ. 2011ರ ಜುಲೈನಲ್ಲಿ ಅಲ್ಲಿನ ಕೆಫೆಯೊಂದರ ಹೊರಗೆ, ಹೂಗಿಡದ ತೊಟ್ಟಿಯ ಕೆಳಗೆ ಯಾರೋ ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಟ್ಟದ್ದು ಕಂಡು ಸಂಶಯ ಹುಟ್ಟಿತು. ಪೊಲೀಸರು ಬಂದು ಬೀದಿ ಮುಚ್ಚಿದರು, ಸೈನ್ಯದ ಬಾಂಬ್ ನಿಷ್ಕ್ರಿಯ ದಳ ಡಬ್ಬಿಯನ್ನು ಅಲ್ಲಿಯೇ ಸ್ಫೋಟಿಸಿತು. ಅದು ಜಿಯೋಕ್ಯಾಶ್ ಎಂಬುದು ಆಮೇಲೆ ತಿಳಿಯಿತು. ಪೊಲೀಸರನ್ನು ದೂರುವಂತಿಲ್ಲ, 2005ರ ಲಂಡನ್ ಬಾಂಬ್ ದಾಳಿಯನ್ನು ಕಂಡ ದೇಶ ಅದು. ತಾವು ಹುಡುಕುವುದು ಯಾರಿಗೂ ಕಾಣಬಾರದು ಎಂಬುದು ಬೆಟ್ಟದಲ್ಲಿ ಹಿತವಾದ ನಿಯಮ. ಪೇಟೆ ಬೀದಿಯಲ್ಲಿ ಕದ್ದು ಬಗ್ಗುವವರು ಕಳ್ಳರಂತೆಯೋ ಅದಕ್ಕಿಂತ ಕೆಟ್ಟವರಂತೆಯೋ ಕಾಣುತ್ತಾರೆ. ವೆದರ್‌ಬಿಯ ನಂತರ ಡಬ್ಬಿಯ ಮೇಲೆ ಅದೇನೆಂದು ಎದ್ದುಕಾಣುವಂತೆ ಬರೆಯಬೇಕು, ಪಟ್ಟಣದಲ್ಲಿ ಜಾಗದವರ ಒಪ್ಪಿಗೆ ಪಡೆಯಬೇಕು ಎಂಬ ಮಾತಿಗೆ ತೂಕ ಬಂತು. 2003ರಿಂದ ಇರುವ ಬ್ರಿಟನ್ನಿನ ಜಿಯೋಕ್ಯಾಶಿಂಗ್ ಸಂಘ ಭೂಮಾಲೀಕರೊಂದಿಗೆ ಮಾತಾಡಿ ಒಪ್ಪಂದ ಮಾಡಿಕೊಳ್ಳುವುದನ್ನೇ ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಇಟ್ಟುಕೊಂಡಿದೆ.

ಇಟ್ಟವರ ಕೆಲಸ ಇಟ್ಟಲ್ಲಿಗೆ ಮುಗಿಯುವುದಿಲ್ಲ. ಕಾಗದದ ಪಟ್ಟಿ ತುಂಬುತ್ತದೆ, ಮುಚ್ಚಳ ಸಡಿಲವಾಗಿ ಮಳೆನೀರು ಸೇರುತ್ತದೆ, ಬಸವನಹುಳು ಕಾಗದ ತಿನ್ನುತ್ತದೆ. ಡೆವನ್ನಿನ ಓಣಿಗಳಲ್ಲಿ ದೊಡ್ಡ ಶತ್ರು ಬೇಲಿ ಸವರುವ ಯಂತ್ರ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹೊಲದ ಬೇಲಿ ಕತ್ತರಿಸುವುದಕ್ಕೆ ನಿಷೇಧವಿದೆ. 2024ರಲ್ಲಿ ಇಂಗ್ಲೆಂಡ್ ಅದನ್ನು ಪ್ರತ್ಯೇಕ ಕಾನೂನಾಗಿ ಮಾಡಿತು. ಹಾಗಾಗಿ ರೈತರು ಕೆಲಸವನ್ನೆಲ್ಲ ಶರತ್ಕಾಲ ಮತ್ತು ಚಳಿಗಾಲದಲ್ಲಿ ಮುಗಿಸುತ್ತಾರೆ. ಟ್ರ್ಯಾಕ್ಟರಿನ ಬದಿಗೆ ತೋಳು ಚಾಚಿದ ಆ ಯಂತ್ರ ಹಾದುಹೋದ ಮೇಲೆ ಬೇರಿನ ನಡುವಿನ ಡಬ್ಬಿ ಚೂರಾಗಿರಬಹುದು, ಇಲ್ಲವೇ ಬಯಲಿಗೆ ಬಿದ್ದಿರಬಹುದು. ಮಾರ್ಚ್ ಬರುವ ಮುಂಚೆ ಇಟ್ಟವರು ತಮ್ಮ ಓಣಿಗಳನ್ನು ಸುತ್ತಿ, ಒಡೆದದ್ದನ್ನು ಹೆಕ್ಕಿ, ಬೇಕಾದರೆ ಹೊಸದನ್ನಿಟ್ಟು, ಆಗದಿದ್ದರೆ ಪಟ್ಟಿಯಿಂದ ತೆಗೆಸಬೇಕು.